ಮೂರಾದ ಮೇಲೆ ಐದು

ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗರಿಗೆ ಗೇರು ಅಂದರೆ ಶಾಲೆಯ ತರಗತಿ ಇದ್ದ ಹಾಗೆ. ಒಂದನೇದು ಪಾಸಾಗದೆ ಎರಡಕ್ಕೆ ಕಾಲಿಡಬಾರದು, ನಾಲ್ಕನೇದು ಓದದೆ ಐದಕ್ಕೆ ಹೋದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ನಮ್ಮ ಬೇಲಿಯಾಚೆ ಮನೆಯ ಹುಡುಗ ಈಗ ಆ ಹಂತದಲ್ಲಿದ್ದಾನೆ. ಬೆಳಿಗ್ಗೆ ಆನವಟ್ಟಿಗೆ ಹೋಗಿ ಕಾರು ಕಲಿಯುವುದು, ಸಂಜೆ ಕುಬಟೂರಿಗೆ ಬಂದು ದಾಸವಾಳದ ಗಿಡದ ಪಕ್ಕ ನಿಂತು ಗಾಳಿಯಲ್ಲಿ ಎಡಗೈ ಆಡಿಸುತ್ತ ಒಂದು, ಎರಡು, ಮೂರು ಅಂತ ಜಪ ಮಾಡುವುದು. ಅವನ ದೊಡ್ಡಪ್ಪ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರಿಗೆ ಇದನ್ನು ನೋಡಿ ಸುಮ್ಮನಿರಲಿಕ್ಕೆ ಆಗುವುದಿಲ್ಲ.

"ಅಲ್ಲೋ, ಮೂರರಾಗೆ ಗಾಡಿ ಎಪ್ಪತ್ತಕ್ಕೆ ಹೋಗೈತಿ ಅಂದ್ರೆ ನಾಲ್ಕು ಯಾಕೋ ಬೇಕು? ಸೀದಾ ಐದಕ್ಕೆ ಹಾಕು."

ಹುಡುಗ ದೇವರ ಎದುರು ಚಪ್ಪಲಿ ಹಾಕಿಕೊಂಡು ನಿಂತವರನ್ನು ನೋಡಿದಂತೆ ದೊಡ್ಡಪ್ಪನನ್ನು ನೋಡಿದ. "ಗೇರ್‌ಬಾಕ್ಸ್ ಹೋಗ್ತದೆ ಅಂತ ಸರ್ ಹೇಳಿದಾರೆ."

ಗೇರ್‌ಬಾಕ್ಸ್ ಎಲ್ಲಿಗೂ ಹೋಗುವುದಿಲ್ಲ. ನಾನೂ ಬೇಲಿಯ ಈಚೆಯಿಂದ ದೊಡ್ಡಪ್ಪನ ಪಕ್ಷ ಸೇರಿಕೊಂಡೆ. ಕಾರಿನ ಗೇರ್‌ಬಾಕ್ಸಿನೊಳಗೆ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳೆಲ್ಲ ಯಾವತ್ತೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಕೋಲು ಎಳೆದಾಗ ಆಗುವುದು ಇಷ್ಟೇ: ಅವುಗಳಲ್ಲಿ ಒಂದನ್ನು ಶಾಫ್ಟಿಗೆ ಬಿಗಿಯುತ್ತೇವೆ, ಉಳಿದವು ಖಾಲಿ ತಿರುಗುತ್ತವೆ. ಬಿಗಿಯುವ ಮೊದಲು ಹಿತ್ತಾಳೆಯ ಒಂದು ಬಳೆ ಗೇರಿನ ಕೊರಳಿಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಸಿಂಕ್ರೋಮೆಶ್ ಅನ್ನುವುದು ಇದನ್ನೇ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂತು. ಬಂದದ್ದು ಮೂರನೇ ಗೇರೋ ನಾಲ್ಕನೇ ಗೇರೋ ಅಂತ ಆ ಬಳೆ ಕೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ವೇಗದ ಅಂತರ ಒಂದೇ.

ಹುಡುಗ ಇದನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ನೋಡಿದ. ದೊಡ್ಡಪ್ಪನಿಗೆ ಮೊಬೈಲಿನ ಸಾಕ್ಷಿ ಬೇಕಾಗಿರಲಿಲ್ಲ. ಅವರು ಕೆಲಸಕ್ಕೆ ಸೇರಿದ ಕಾಲದ ಬಸ್ಸುಗಳಲ್ಲಿ ಸಿಂಕ್ರೋ ಇರಲೇ ಇಲ್ಲ, ಡಬಲ್ ಕ್ಲಚ್ ಹೊಡೆಯಬೇಕು. ಹೇಗೆ ಅನ್ನುವುದನ್ನು ಅಲ್ಲೇ ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೋರಿಸಿದರು. ಎಡಗಾಲು ಒತ್ತಿತು, ಕೈ ಕೋಲನ್ನು ನ್ಯೂಟ್ರಲ್‌ಗೆ ತಂದಿತು, ಕಾಲು ಬಿಟ್ಟಿತು, ಬಲಗಾಲು ಒಂದು ಸಲ ಆಕ್ಸಿಲರೇಟರನ್ನು ಗುಮ್ಮಿತು, ಬಾಯಿ 'ಭ್ರೂಂ' ಅಂದಿತು, ಎಡಗಾಲು ಮತ್ತೆ ಒತ್ತಿತು, ಕೋಲು ಎರಡಕ್ಕೆ ಕೂತಿತು. ಕುರ್ಚಿಯ ಹಿಂದಿನ ಕಾಲು ಸ್ವಲ್ಪ ಬಾಗಿತು ಅನ್ನುವುದು ಬಿಟ್ಟರೆ ಒಂದು ಸದ್ದಿಲ್ಲ. "ನಾಕರಿಂದ ಎರಡಕ್ಕೆ ಬಂದೆ ನೋಡಿದ್ಯಾ? ಮೂರು ಎಲ್ಲಿ?" ಅಂತ ಕೇಳಿದರು.

ಖಾಲಿ ಬಸ್ಸನ್ನು ಸಮತಟ್ಟು ರಸ್ತೆಯಲ್ಲಿ ಅವರು ಒಂದನೇ ಗೇರಿನಲ್ಲಿ ಎತ್ತಿದ್ದೇ ಇಲ್ಲವಂತೆ. ಎರಡರಲ್ಲೇ ಹೊರಡುವುದು. ಒಂದನೇದು ಏನಿದ್ದರೂ ಸಂತೆಯ ದಿನ ಜನ ಬಾಗಿಲಲ್ಲಿ ಜೋತು ಬಿದ್ದಿದ್ದರೆ, ಅಥವಾ ಗಾಡಿ ಏರಿನಲ್ಲಿ ನಿಂತುಬಿಟ್ಟರೆ.

ಇನ್ನು ಟ್ರ್ಯಾಕ್ಟರಿನ ಮಾತು ಬಂತು. ನಮ್ಮ ಕಡೆ ಭತ್ತ, ಮೆಕ್ಕೆಜೋಳ, ಶುಂಠಿ ಅಂತ ಟ್ರ್ಯಾಕ್ಟರ್ ಇಲ್ಲದ ಓಣಿಯೇ ಇಲ್ಲ, ಆದರೆ ಟ್ರ್ಯಾಕ್ಟರಿನವರು ಒಂದು-ಎರಡು-ಮೂರು ಅಂತ ಏರುವುದನ್ನು ಯಾರೂ ನೋಡಿಲ್ಲ. ಹಳೇ ಮಾದರಿಯವುಗಳಲ್ಲಿ ಓಡುತ್ತಿರುವಾಗ ಗೇರು ಬದಲಿಸಲು ಹೋದರೆ ಕೇಳಬಾರದ ಸದ್ದು ಕೇಳುತ್ತದೆ. ಆದ್ದರಿಂದ ಕೆಲಸ ಏನೆಂದು ನೋಡಿ, ನಿಂತಲ್ಲೇ ಗೇರು ಆರಿಸಿ, ಅದರಲ್ಲೇ ಹೊರಡುತ್ತಾರೆ. ಗದ್ದೆಯಲ್ಲಿ ರೋಟವೇಟರ್ ಹೊಡೆಯುವಾಗ ಲೋ ಒಂದೋ ಎರಡೋ. ಜೋಳದ ಚೀಲ ಹೇರಿಕೊಂಡು ಶಿರಾಳಕೊಪ್ಪಕ್ಕೆ ಹೋಗುವಾಗ ಪಕ್ಕದ ಸಣ್ಣ ಕೋಲನ್ನು ಹೈಗೆ ತಳ್ಳಿ, ನೇರ ಎರಡು. ಇಡೀ ತಾಲ್ಲೂಕೇ ಗೇರು ಹಾರಿಸಿಕೊಂಡು ಉಳುತ್ತಿದೆ, ಕಾರಿಗೆ ಮಾತ್ರ ಮಡಿ.

ಬೈಕಿನಲ್ಲಿ ಹಾರಿಸಲಿಕ್ಕೆ ಬರುವುದಿಲ್ಲ, ಅದು ಬೇರೆ ಮಾತು. ಅಲ್ಲಿ ಕಾಲಲ್ಲಿ ಒತ್ತಿದಷ್ಟು ಸಲ ಒಂದೊಂದೇ ಹಲ್ಲು. ಕ್ಲಚ್ ಹಿಡಿದುಕೊಂಡು ಟಕ್ ಟಕ್ ಅಂತ ಎರಡು ಸಲ ಒದ್ದು ನಡುವಿನದನ್ನು ದಾಟಬಹುದು, ಬಿಟ್ಟು ಹೋಗಲಾಗದು.

ಹುಡುಗ ಸುಲಭಕ್ಕೆ ಬಗ್ಗಲಿಲ್ಲ. "ಹಾಗಾದ್ರೆ ಐದರಿಂದ ಒಂದಕ್ಕೂ ಹಾಕಬಹುದಾ?" ಅಂದ.

ಇಲ್ಲೇ ಇರುವುದು ವಿಷಯ. ಮೇಲಕ್ಕೆ ಹಾರಿಸುವುದರಲ್ಲಿ ದೊಡ್ಡ ಅಪಾಯ ಇಲ್ಲ. ಆನವಟ್ಟಿ ರಸ್ತೆಯಲ್ಲಿ ಹುಲ್ಲಿನ ಲಾರಿಯೊಂದನ್ನು ಹಿಂದೆ ಹಾಕಲು ಮೂರರಲ್ಲೇ ಎಳೆದು, ಆಮೇಲೆ ಐದಕ್ಕೆ ಬಿಟ್ಟರೆ ಎಡಗಾಲಿಗೆ ಒಂದು ಒದೆತ ಉಳಿಯಿತು, ಅಷ್ಟೇ. ವೇಗ ಸಾಲದೆ ಹಾರಿಸಿದರೆ, ಮೂವತ್ತೈದರಲ್ಲಿ ಐದು ಹಾಕಿದರೆ, ಇಂಜಿನ್ ಗೊಣಗುತ್ತದೆ, ಗಾಡಿ ಗಡಗಡ ನಡುಗುತ್ತದೆ, ಆಕ್ಸಿಲರೇಟರ್ ತುಳಿದರೂ ಏಳುವುದಿಲ್ಲ. ಕೆಳಗಿಳಿಸುವಾಗ ಹಾಗಲ್ಲ. ಸಣ್ಣ ಕಾರು ಒಂದನೇ ಗೇರಿನಲ್ಲಿ ಗಂಟೆಗೆ ಸುಮಾರು 45-50 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಇಂಜಿನ್ ಕಿರುಚಿ ಮುಗಿದಿರುತ್ತದೆ. ಎಂಬತ್ತರಲ್ಲಿ ಓಡುತ್ತಿರುವ ಗಾಡಿಗೆ ಅದನ್ನು ಹಾಕಿ ಕ್ಲಚ್ ಬಿಟ್ಟರೆ ಚಕ್ರಗಳೇ ಇಂಜಿನ್ನನ್ನು ಹಿಡಿದು ತಿರುಗಿಸುತ್ತವೆ. ಆಗ ಕ್ಲಚ್ ಪ್ಲೇಟು, ವಾಲ್ವು ಎರಡಕ್ಕೂ ಆಯುಸ್ಸು ಕಮ್ಮಿ. ಐದರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಕೈ ಜಾರಿ ಎರಡಕ್ಕೆ ಬೀಳುವುದು ಇದೇ ಜಾತಿಯ ಕಷ್ಟ. ಮೊದಲು ಬ್ರೇಕು, ಆಮೇಲೆ ಗೇರು. ಊರೊಳಗಿನ ಹಂಪಿಗೆ ಬ್ರೇಕ್ ಹಿಡಿದು ಇಪ್ಪತ್ತಕ್ಕೆ ಬಂದ ಮೇಲೆ ಐದರಿಂದ ನೇರ ಎರಡು ಹಾಕಿದರೆ ಯಾವ ತಂಟೆಯೂ ಇಲ್ಲ. ಬ್ರಿಟನ್ನಿನಲ್ಲಿ ಕಲಿಸುವವರೇ ಇದನ್ನು ಕಲಿಸುತ್ತಾರೆ: ನಿಧಾನ ಮಾಡಲಿಕ್ಕೆ ಬ್ರೇಕು ಇದೆಯಲ್ಲ, ಅದಕ್ಕೆ ಗೇರ್‌ಬಾಕ್ಸ್ ಯಾಕೆ ಸವೆಸಬೇಕು ಅನ್ನುವ ಲೆಕ್ಕ ಅವರದು.

ಘಟ್ಟ ಇಳಿಯುವಾಗ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಜೋಗ ದಾಟಿ ಹೊನ್ನಾವರದ ಕಡೆ ಇಳಿಯುವವರು ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕು, ಇಲ್ಲದಿದ್ದರೆ ಬ್ರೇಕು ಕಾದು ಕೈಕೊಡುತ್ತದೆ. ನನಗೆ ಸಿಟ್ಟು ಬರುವುದು ಗೇರು ಹಾರಿಸುವವರ ಮೇಲಲ್ಲ, ಇಳಿಜಾರು ಕಂಡ ಕೂಡಲೇ ನ್ಯೂಟ್ರಲ್‌ಗೆ ಬಿಟ್ಟು ಪೆಟ್ರೋಲು ಉಳಿಯಿತು ಅಂತ ಮೀಸೆ ತಿರುವುವವರ ಮೇಲೆ. ಕಾರ್ಬುರೇಟರ್ ಕಾಲದಲ್ಲಿ ಅದಕ್ಕೆ ಒಂದಿಷ್ಟು ಅರ್ಥವಿತ್ತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲಿನ ಸರಬರಾಜೇ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಉಸಿರು ಹಿಡಿದುಕೊಳ್ಳಲು ಹನಿಹನಿ ಕುಡಿಯುತ್ತಲೇ ಇರುತ್ತದೆ. ಹೋದದ್ದು ಹಿಡಿತ, ಉಳಿದದ್ದು ಸೊನ್ನೆ.

ಕುಬಟೂರಿನಲ್ಲಿ ಯಾವ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ರಾಜಕೀಯಕ್ಕೆ ಬರಲೇಬೇಕು, ಬಂಗಾರಪ್ಪನವರ ಹುಟ್ಟೂರಲ್ಲವೆ. ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರೊಬ್ಬರು ನಿಂತು, "ಗೇರು ಹಾರಿಸೋದು ನಮ್ಮೂರಿಗೆ ಹೊಸದಾ? ಸಾಹೇಬ್ರು 2004ರಲ್ಲಿ ಕಮಲದ ಗುರುತಲ್ಲಿ ಗೆದ್ರು, 2005ರಲ್ಲಿ ಸೈಕಲ್ ಗುರುತಲ್ಲಿ ಗೆದ್ರು" ಅಂದರು. ದೊಡ್ಡಪ್ಪ ತಟ್ಟನೆ, "ಸೈಕಲ್ಲಿಗೆ ಗೇರು ಎಲ್ಲಿಂದ ಬಂತೋ ಮಾರಾಯ!" ಅಂದರು. ಕ್ಯಾನಿನವರು ನಕ್ಕ ರಭಸಕ್ಕೆ ಸ್ವಲ್ಪ ಹಾಲು ಚೆಲ್ಲಿತು.

ಗೇರೇ ಇಲ್ಲದ ಗಾಡಿಗಳೂ ಬರುತ್ತವೆ. ಕೈಟಭೇಶ್ವರನ ಗುಡಿ ನೋಡಲು ಬರುವ ಬೆಂಗಳೂರಿನವರ ಕಾರುಗಳಲ್ಲಿ ಎಷ್ಟೋ ಆಟೋಮ್ಯಾಟಿಕ್. ಅಂಥದ್ದೊಂದು ದಾರಿ ಕೇಳಲು ನಿಂತಾಗ ದೊಡ್ಡಪ್ಪ ಕಿಟಕಿಯಿಂದ ತಲೆ ತೂರಿಸಿ, ಎರಡೇ ಪೆಡಲ್ ಕಂಡು, "ನಿಮ್ಮ ಎಡಗಾಲಿಗೆ ಪೆನ್ಷನ್ನಾ?" ಅಂತ ಕೇಳಿದ್ದರು. ತಮಾಷೆ ಏನೆಂದರೆ, ಅದೇ ಕಾರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ ಒಳಗಿನ ಕಂಪ್ಯೂಟರು ಒಂದೆರಡು ಗೇರನ್ನು ಒಟ್ಟಿಗೇ ಹಾರಿಸಿ ಕೆಳಗಿಳಿಸುತ್ತದೆ. ಅಮೆರಿಕದವರು ಇನ್ನೂ ಮುಂದೆ ಹೋಗಿದ್ದರು. 1989ರ ಕಾರ್ವೆಟ್ ಕಾರಿಗೆ ಕೈಯಲ್ಲಿ ಹಾಕುವ ಆರು ಗೇರಿತ್ತು. ಆದರೆ ಮೆಲ್ಲಗೆ ಓಡಿಸುವಾಗ ಒಂದರಿಂದ ಎರಡಕ್ಕೆ ಎಳೆಯಲು ಹೋದರೆ ಕೋಲು ತಾನೇ ನಾಲ್ಕರ ಕಡೆಗೆ ತಿರುಗುತ್ತಿತ್ತು, ಇಂಧನ ಉಳಿಸಲಿ ಅಂತ. ಕೊಂಡವರಲ್ಲಿ ಎಷ್ಟೋ ಜನ ಸಿಟ್ಟಾಗಿ ಆ ಏರ್ಪಾಟನ್ನೇ ತಪ್ಪಿಸುವ ತುಂಡು ವೈರು ಹುಡುಕಿಕೊಂಡರು.

ಇದನ್ನು ಕೇಳಿದ ಮೇಲೆ ಹುಡುಗನ ಎಡಗೈ ಗಾಳಿಯಲ್ಲಿ ಮೂರರಿಂದ ಐದಕ್ಕೆ ಒಮ್ಮೆ ಹೋಗಿ ಬಂತು. ಯಾರಾದರೂ ನೋಡಿದರೋ ಅಂತ ಆಚೀಚೆ ಕಣ್ಣಾಡಿಸಿದ.

"ಹಾಗಾದ್ರೆ ದೊಡ್ಡಪ್ಪ, ಟೆಸ್ಟಿನ ದಿನ?"

"ಟೆಸ್ಟಿನ ದಿನ ಒಂದು, ಎರಡು, ಮೂರು, ನಾಕು. ಇನ್ಸ್‌ಪೆಕ್ಟರ ಪಕ್ಕದಾಗೆ ಕೂತಾಗ ನಾನೂ ಹಂಗೇ ಹಾಕಿದ್ದು."