ಭಿನ್ನಭಾಗಹಾರ ಮೀಮಾಂಸೆ: ಸೊಲ್ಲಾಪುರದ ಶೇಂಗಾ ಚಟ್ನಿಯ ಆಧಾರದಿಂದ

ಅಂಗಡಿಯವನು ತಕ್ಕಡಿ ಹಿಡಿದು ಬಾಯಿಲೆಕ್ಕದಲ್ಲಿ ಮುಗಿಸುವುದನ್ನು ಆರನೆಯ ಇಯತ್ತೆಯ ಹುಡುಗ ಒಂದು ಪುಟ ಬರೆದು ತಪ್ಪು ಮಾಡಿದರೆ, ಅದಕ್ಕೆ ಭಿನ್ನರಾಶಿಯಿಂದ ಭಾಗಿಸುವ ಹೇಳಿಕೆ ಲೆಕ್ಕವೆಂದು ಹೆಸರು. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳಿಗೆ ಇದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕದ ಮೂಲಕ ತಲುಪುತ್ತದೆ.

ಸೂತ್ರ ಮಾತ್ರ ಪುಣೆಯದಲ್ಲ. ಅಮೋಘವರ್ಷನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕೆಂದು ವಿಧಿಸಿದನು. ಅಮೋಘವರ್ಷನ ರಾಜಧಾನಿ ಮಳಖೇಡವಿರುವುದು ಅಕ್ಕಲಕೋಟೆಗೆ ಅಂಟಿಕೊಂಡ ಕಲಬುರಗಿ ಜಿಲ್ಲೆಯಲ್ಲಿ. ಆಚಾರ್ಯನ ಭಿನ್ನರಾಶಿಗಳಲ್ಲಿ ಪ್ರಣಯಕಲಹಕ್ಕೆ ಹಾರ ಹರಿದು ಮುತ್ತು ಚೆಲ್ಲುತ್ತವೆ. ಈಗಿನ ಪುಸ್ತಕಗಳಲ್ಲಿ ಹರಿಯುವುದು ಬಟ್ಟೆಯೊಂದೇ, ಅದೂ ಮೀಟರಿನ ಲೆಕ್ಕದಲ್ಲಿ.

ಪ್ರಕೃತ ಉದಾಹರಣೆ: 10 ಕಿಲೋ ಶೇಂಗಾ ಚಟ್ನಿಯನ್ನು ಮುಕ್ಕಾಲು ಕಿಲೋದ ಪೊಟ್ಟಣ ಕಟ್ಟಿದರೆ ಎಷ್ಟು ಪೊಟ್ಟಣ? (ಮುಕ್ಕಾಲು ಕಿಲೋವೇ ಏಕೆ ಎಂದು ಕೇಳುವವನು ಗಣಿತಕ್ಕೆ ಅನರ್ಹ.) ಪೂರ್ವಪಕ್ಷವು ಹೀಗೆ ವಾದಿಸುತ್ತದೆ: ಹತ್ತನ್ನು ಹಂಚಿದರೆ ಹದಿಮೂರಕ್ಕೂ ಮಿಕ್ಕಿ ಬರುವುದುಂಟೆ? ಅಕ್ಕಲಕೋಟೆಯ ಅನ್ನಛತ್ರದಲ್ಲಾದರೆ ಸ್ವಾಮಿ ಸಮರ್ಥರ ಮಹಿಮೆ ಎನ್ನಬಹುದು. ಉತ್ತರಪತ್ರಿಕೆಯಲ್ಲಿ ಹಾಗೆ ಬರೆದರೆ ಮಾರ್ಕು ಬೀಳುವುದಿಲ್ಲ. ಸಿದ್ಧಾಂತವೆಂದರೆ, ಅಂಗಡಿಯವನು ಕಾಲು ಕಿಲೋದ ಬೊಟ್ಟಿನಿಂದ ತೂಗುತ್ತಾನೆ. ಕಿಲೋಗೆ ನಾಲ್ಕರಂತೆ 10 ಕಿಲೋದಲ್ಲಿ 40 ಕಾಲುಗಳು, ಪೊಟ್ಟಣಕ್ಕೆ ಮೂರು. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ದಾಯಿತು, ಭಾಜಕ ತಾನಾಗಿಯೇ ಬುಡಮೇಲಾಯಿತು. ಅಂಗಡಿಯವನಿಗೆ ಇದು ಮಹಾವೀರಾಚಾರ್ಯನ ವಿಧಿಯೆಂಬ ಅರಿವಿಲ್ಲದಿರುವುದು ವ್ಯಾಪಾರಕ್ಕೆ ಅನುಕೂಲವೇ ಆಗಿದೆ.

ಉತ್ತರ 13⅓. ಪಂಥಭೇದ ಹುಟ್ಟುವುದು ಇಲ್ಲಿಂದ. ಕಿಲೋಪಂಥದವರು ಉಳಿದದ್ದು ⅓ ಕಿಲೋ ಎನ್ನುತ್ತಾರೆ. ತೂಗಿ ನೋಡಿದರೆ 250 ಗ್ರಾಂ. ಪೊಟ್ಟಣಪಂಥದವರ ಮತದಲ್ಲಿ ⅓ ಎಂಬುದು ಪೊಟ್ಟಣದ ಮೂರನೆಯ ಒಂದು ಪಾಲು. ¾ರ ಮೂರನೆಯ ಪಾಲು ಕಾಲು ಕಿಲೋ. ತಕ್ಕಡಿ ಇವರ ಕಡೆಗಿದೆ. ಮೊದಲ ಪಂಥಕ್ಕೆ ಅನುಯಾಯಿಗಳು ಹೆಚ್ಚು.

ಪ್ರಶ್ನೆ ಕೇಳುವ ಧಾಟಿ ಬದಲಾದರೆ ಉತ್ತರವೂ ಬದಲಾಗುತ್ತದೆ. ತುಂಬಿದ ಪೊಟ್ಟಣಗಳೆಷ್ಟು ಎಂದರೆ 13. ಚಟ್ನಿಯಷ್ಟನ್ನೂ ತುಂಬಲು ಚೀಲಗಳೆಷ್ಟು ಬೇಕು ಎಂದರೆ 14. ಸೊಲ್ಲಾಪುರಿ ಚಾದರಿಗೂ ಇದೇ ನ್ಯಾಯ: ನೂಲು ಎಷ್ಟೇ ಮಿಗಲಿ, ಮೂರನೆಯ ಒಂದು ಪಾಲು ಚಾದರು ಹೊದ್ದವರಿಲ್ಲ.

ಹೊತ್ತಿನ ಲೆಕ್ಕದಲ್ಲಿ ಮಾತ್ರ ಭಿನ್ನವನ್ನು ಬಿಡುವಂತಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ನಿಮಿಷಕ್ಕೆ ಮುಕ್ಕಾಲು ಕಿಲೋಮೀಟರು ಓಡುವ ಬಸ್ಸಿಗೆ 40 ÷ ¾, ಅಂದರೆ 53⅓ ನಿಮಿಷ ಬೇಕು. ಆ ⅓ ಎಂದರೆ 20 ಸೆಕೆಂಡು. ಪುಸ್ತಕದ ಬಸ್ಸು ದಾರಿಯಲ್ಲಿನ ವಳಸಂಗದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಉತ್ತರ ಸರಿಯಾಗಿದೆ.