ಸ್ಕ್ರೂಜ್ ಮಾಮನ ತಿಜೋರಿ

ಡಿಸ್ನಿ ಕಂಪನಿಗೆ ಭಾರೀ ದುಡ್ಡಿನಾಸೆ ಎಂದು ಯಾರಾದರೂ ಗುಟ್ಟು ಬಿಟ್ಟುಕೊಡುವವರ ಹಾಗೆ ಹೇಳಿದರೆ ನನಗೆ ನಗು ಬರುತ್ತದೆ. ಭಾನುವಾರ ದೂರದರ್ಶನದಲ್ಲಿ 'ಡಕ್ ಟೇಲ್ಸ್' ನೋಡಿ ಬೆಳೆದವರು ನಾವು. ಸ್ಕ್ರೂಜ್ ಎಂಬ ಮುದಿ ಬಾತುಕೋಳಿ ಚಿನ್ನದ ನಾಣ್ಯದ ರಾಶಿಗೆ ತಲೆಕೆಳಗಾಗಿ ಧುಮುಕಿ ಈಜುತ್ತಿತ್ತು. ಕಂಪನಿ ತನ್ನ ಜಾತಕವನ್ನು ತಾನೇ ಬಣ್ಣದಲ್ಲಿ ಬರೆದು ತೋರಿಸಿದ ಮೇಲೆ ನಾವು ಹೊಸದಾಗಿ ಪತ್ತೆ ಹಚ್ಚುವುದೇನು? ಆ ಬಾತುಕೋಳಿ ಮಾತಾಡುತ್ತಿದ್ದದ್ದು ಹಿಂದಿ. ನಮ್ಮ ಬೀದಿಯಲ್ಲಿ ಹಿಂದಿ ಬರುತ್ತಿದ್ದದ್ದು ಪರೀಕ್ಷೆ ಕಟ್ಟಿದವರಿಗೆ ಮಾತ್ರ. ಆದರೆ ಜಿಪುಣತನ ಅರ್ಥವಾಗಲು ಭಾಷೆ ಯಾಕೆ ಬೇಕು? ಪ್ರತಿ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇದ್ದೇ ಇದ್ದರು.

ಈ ಸ್ಕ್ರೂಜನನ್ನು 1947ರಲ್ಲಿ ಹುಟ್ಟಿಸಿದವರು ಕಾರ್ಲ್ ಬಾರ್ಕ್ಸ್ ಎಂಬ ಚಿತ್ರಕಾರರು. ಕಾಮಿಕ್ಸ್ ಪುಸ್ತಕದ ಮೇಲೆ ಇರುತ್ತಿದ್ದದ್ದು ವಾಲ್ಟ್ ಡಿಸ್ನಿಯ ಹೆಸರು, ಬಾರ್ಕ್ಸ್ ಹೆಸರು ಎಲ್ಲೂ ಇಲ್ಲ. ಎಷ್ಟೋ ವರ್ಷ ಅಮೆರಿಕದ ಓದುಗರು ಗೆರೆಯ ಚಂದದಿಂದಲೇ ಅವರ ಗುರುತು ಹಿಡಿದು 'ಆ ಒಳ್ಳೇ ಬಾತುಕೋಳಿ ಬರೆಯೋರು' ಎನ್ನುತ್ತಿದ್ದರಂತೆ. ನನ್ನ ಪ್ರೀತಿಯ ಮುಕ್ಕಾಲು ಪಾಲು ಸೇರಬೇಕಾದದ್ದು ಇಂಥವರಿಗೆ. ತೊಂದರೆ ಏನೆಂದರೆ, ಪ್ರೀತಿ ಕಳಿಸುವುದಕ್ಕೆ ಇರುವ ವಿಳಾಸ ಕಂಪನಿಯದ್ದೊಂದೇ. ಅಲ್ಲಿ ಮನಿಯಾರ್ಡರ್ ತೆಗೆದುಕೊಳ್ಳುವವರು ಬೇರೆ.

ನಮ್ಮ ಕಡೆಯ ಅಂಗನವಾಡಿ ಗೋಡೆಗಳನ್ನು ನೋಡಿ. 'ಅ' ಅರಸ, 'ಆ' ಆನೆ, ಅದರ ಪಕ್ಕದಲ್ಲಿ ಕೈ ಬೀಸುತ್ತ ನಿಂತ ಮಿಕ್ಕಿ ಮೌಸ್. ನಮ್ಮೂರಿನ ಮಿಕ್ಕಿಗೆ ಒಂದು ಕಿವಿ ಕಿಟಕಿ ಅಡ್ಡ ಬಂದದ್ದರಿಂದ ಸಣ್ಣದಾಗಿದೆ, ಹೊಟ್ಟೆ ಸ್ವಲ್ಪ ಮುಂದಿದೆ, ಮುಖದಲ್ಲಿ ಪಂಚಾಯಿತಿ ಸದಸ್ಯರ ಕಳೆ. ಕೈಯಲ್ಲಿ ಐದು ಬೆರಳು. ಅಸಲಿ ಮಿಕ್ಕಿಗೆ ಇರುವುದು ನಾಲ್ಕೇ. ಮಕ್ಕಳು ಎಣಿಕೆ ಕಲಿಯುವ ಜಾಗದಲ್ಲಿ ನಾಲ್ಕು ಬೆರಳು ಬರೆಯುವುದು ಪೇಂಟರಿಗೆ ಸರಿ ಕಂಡಿರಲಿಕ್ಕಿಲ್ಲ. ಕಂಪನಿಯ ಕಲಾವಿದರಿಗೆ ಹೊಳೆಯದ ಈ ತಿದ್ದುಪಡಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಗೋಡೆಗೆ ಮಿಕ್ಕಿಯನ್ನು ಏರಿಸುವ ಇದೇ ಕೆಲಸವನ್ನು ಫ್ಲಾರಿಡಾದ ಹ್ಯಾಲಂಡೇಲ್ ಊರಿನ ಮೂರು ಶಿಶುವಿಹಾರಗಳೂ ಮಾಡಿದ್ದವು. 1989ರಲ್ಲಿ ಕಂಪನಿ 'ನಮ್ಮ ಇಲಿ, ನಮ್ಮ ಬಾತುಕೋಳಿ, ಅಳಿಸಿ' ಎಂದು ಹಟ ಹಿಡಿಯಿತು. ಗೋಡೆ ಬೋಳಾಯಿತು. ಸಮಯ ಕಾದಿದ್ದ ಎದುರಾಳಿ ಕಂಪನಿಯಾದ ಯೂನಿವರ್ಸಲ್‌ನವರು ಯೋಗಿ ಕರಡಿ, ಫ್ಲಿಂಟ್‌ಸ್ಟೋನ್ಸ್ ಬಳಗದ ಚಿತ್ರಗಳನ್ನು ಕೊಟ್ಟು ಊರಿನವರ ಬಾಯಲ್ಲಿ ಒಳ್ಳೆಯವರಾದರು. ಸಣ್ಣ ಮಕ್ಕಳ ಗೋಡೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದವರು ದೊಡ್ಡವರ ಕಾನೂನಿನ ವಿಷಯ ಬಿಟ್ಟಾರೆಯೇ? ಅಮೆರಿಕದಲ್ಲಿ ಹಕ್ಕುಸ್ವಾಮ್ಯವನ್ನು ಇನ್ನೂ 20 ವರ್ಷ ಎಳೆದ 1998ರ ಕಾಯ್ದೆಗೆ ಓಡಾಡಿದವರಲ್ಲಿ ಇವರೂ ಇದ್ದರು. ಅದಕ್ಕೆ ಮಿಕ್ಕಿ ಮೌಸ್ ರಕ್ಷಣಾ ಕಾಯ್ದೆ ಎಂದೇ ಅಡ್ಡಹೆಸರು ಬಿತ್ತು. 1928ರ 'ಸ್ಟೀಮ್‌ಬೋಟ್ ವಿಲ್ಲಿ'ಯ ಮಿಕ್ಕಿ ಕೊನೆಗೂ ಸಾರ್ವಜನಿಕನಾದದ್ದು 2024ರ ಜನವರಿ 1ರಂದು. ಆ ಹಳೇ ಮಿಕ್ಕಿ ಪಕ್ಕಾ ಪೋಲಿ. ಬೆಕ್ಕಿನ ಬಾಲ ಹಿಡಿದು ಗಿರಗಿರ ತಿರುಗಿಸುತ್ತಾನೆ, ಹಸುವಿನ ಹಲ್ಲು ಬಡಿದು ಸಂಗೀತ ನುಡಿಸುತ್ತಾನೆ. ಎಲ್ಲ ಮನೆಗಳ ಆಸ್ತಿ ಪಾಲಿನ ಹಾಗೆ, ಊರಿಗೆ ಮೊದಲು ಬಂದದ್ದು ತಂಟೆಯ ಭಾಗ. ಕೆಂಪು ಚಡ್ಡಿಯ ಬಣ್ಣದ ಮಿಕ್ಕಿ, ಆ ವಿನಯವಂತ, ಇನ್ನೂ ಮನೆಯವರ ಸುಪರ್ದಿನಲ್ಲೇ ಇದ್ದಾನೆ.

2019ರ ಮಾರ್ಚ್ 20ರಂದು ಡಿಸ್ನಿ 7,130 ಕೋಟಿ ಡಾಲರ್‌ಗೆ ಫಾಕ್ಸ್ ಸಂಸ್ಥೆಯ ಬಹುಪಾಲನ್ನು ಕೊಂಡಿತು. ಅದರ ಜೊತೆಗೆ ಭಾರತದ ಸ್ಟಾರ್ ಬಂತು, ಸ್ಟಾರ್ ಜೊತೆಗೆ ಸುವರ್ಣ ವಾಹಿನಿ ಬಂತು. ಹೀಗೆ ನನ್ನ ಅಮ್ಮ ರಾತ್ರಿ ಊಟ ಮುಂದಕ್ಕೆ ಹಾಕಿ ನೋಡುವ ಸೀರಿಯಲ್ಲು ಸಿಂಡ್ರೆಲಾಳ ಸೋದರಸಂಬಂಧಿ ಆಗಿಬಿಟ್ಟಿತು. ಈ ಜಾಗತಿಕ ಬಂಡವಾಳದ ಆಟವನ್ನು ನಾನು ಕಾಳಜಿಯಿಂದ ವಿವರಿಸಿದೆ. ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯಾರು ಕೊಂಡ್ರೇನೋ, ಆ ಅತ್ತೆ ಸೊಸೇಗೆ ಕಾಟ ಕೊಡೋದು ತಪ್ಪುತ್ತಾ? ಪಕ್ಕಕ್ಕೆ ಸರಿ, ಅಡ್ಡ ನಿಂತ್ಕೋಬೇಡ" ಎಂದರು. ಸಿಂಡ್ರೆಲಾಳ ಮಲತಾಯಿಯ ಬಗ್ಗೆಯೂ ಇದಕ್ಕಿಂತ ಹೆಚ್ಚು ಹೇಳುವುದಕ್ಕಿಲ್ಲ. 2024ರ ನವೆಂಬರಿನಲ್ಲಿ ಡಿಸ್ನಿ ತನ್ನ ಭಾರತದ ಈ ವ್ಯಾಪಾರವನ್ನು ರಿಲಯನ್ಸ್ ಜೊತೆ ಸೇರಿಸಿ ತಾನು ಪಾಲುದಾರನಾಗಿ ಉಳಿಯಿತು. ಅತ್ತೆಯ ಕಾಟ ಮುಂದುವರಿದಿದೆ.

ನನ್ನಂಥ ಅನುಮಾನದ ಪ್ರಾಣಿಗಳನ್ನೂ ಕಂಪನಿ ಮರೆತಿಲ್ಲ. ಫಾಕ್ಸ್ ಕೊಂಡ ಒಂಬತ್ತೇ ದಿನಕ್ಕೆ ಅಮೆರಿಕದಲ್ಲಿ ಹೊಸ 'ಡಂಬೊ' ತೆರೆಗೆ ಬಂತು. ಅದರಲ್ಲಿ ಒಬ್ಬ ಖಳನಿದ್ದಾನೆ. ಥಳಥಳಿಸುವ ಮನರಂಜನಾ ಪಾರ್ಕಿನ ಒಡೆಯ. ಬಡ ಸರ್ಕಸ್ಸನ್ನು ಪಾಲುದಾರಿಕೆ ಎಂದು ನಂಬಿಸಿ ನುಂಗುತ್ತಾನೆ, ಆನೆಮರಿ ಕೈಗೆ ಸಿಕ್ಕಿದ ಮೇಲೆ ಉಳಿದ ಕಲಾವಿದರನ್ನು ಕೆಲಸದಿಂದ ತೆಗೆಯುತ್ತಾನೆ. ನೋಡುತ್ತ ನೋಡುತ್ತ ನನಗೆ ರೋಮಾಂಚನವಾಯಿತು. ಆಮೇಲೆ ಲೆಕ್ಕ ಹಾಕಿದರೆ, ಕಂಪನಿಯನ್ನು ಬೈಯುವ ಆ ಸುಖಕ್ಕೂ ಟಿಕೆಟ್ ಹರಿದವರು ಅವರೇ. ನಮ್ಮ ವ್ಯಂಗ್ಯವನ್ನು ನಮಗಿಂತ ಚೆನ್ನಾಗಿ ತಯಾರಿಸಿ, ಪಾಪ್‌ಕಾರ್ನ್ ಪಕ್ಕದಲ್ಲಿಟ್ಟು ಮಾರುವವರ ಎದುರು ಬಡಪಾಯಿ ಪ್ರಬಂಧಕಾರ ಏನು ಮಾಡಬೇಕು?

ಹಳೆಯ 'ಡಂಬೊ' 1941ರದ್ದು. ಅದೇ ವರ್ಷ ಡಿಸ್ನಿಯ ಚಿತ್ರಕಾರರು ಸಂಬಳ, ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದ್ದರು. ಗೂಫಿಗೆ ನಡಿಗೆ, ನಿಲುವು ಕೊಟ್ಟ ಆರ್ಟ್ ಬ್ಯಾಬಿಟ್‌ರನ್ನು ಕೆಲಸದಿಂದ ತೆಗೆದದ್ದು ಅದಕ್ಕೆ ಕಿಡಿ. ಸಿನಿಮಾದಲ್ಲಿ ಕೋಡಂಗಿಗಳು ಗುಂಪುಕಟ್ಟಿ ಯಜಮಾನನ ಹತ್ತಿರ ಸಂಬಳ ಹೆಚ್ಚಿಸಿ ಎಂದು ಕೇಳಲು ಹೊರಡುವ ದೃಶ್ಯವಿದೆ. ಅದು ಮುಷ್ಕರದವರ ಅಣಕ ಎನ್ನುತ್ತಾರೆ. ಮೊನ್ನೆ ಮಗಳ ಜೊತೆ ನೋಡುತ್ತ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಮಕ್ಕಳಿಗೆ ಕಾರ್ಮಿಕ ಚರಿತ್ರೆ ಬೇಗ ಗೊತ್ತಾಗಬೇಕು ಎಂಬುದು ನನ್ನ ನಿಲುವು. ಸಿನಿಮಾ ನಿಲ್ಲಿಸಿ ನಿಲ್ಲಿಸಿ ಹೇಳಬಾರದು ಎಂಬುದು ಅವಳದ್ದು.

ಅಷ್ಟರಲ್ಲಿ ತಾಯಿ ಆನೆಯ ದೃಶ್ಯ ಬಂತು. ಹುಚ್ಚು ಹಿಡಿದಿದೆ ಎಂದು ಅದನ್ನು ಬೋನಿನಲ್ಲಿ ಕೂಡಿಹಾಕಿದ್ದಾರೆ, ಕಾಲಿಗೆ ಸರಪಳಿ. ಮರಿ ಹೊರಗೆ ನಿಂತಿದೆ. ಮುಖ ಮುಖ ನೋಡಲಾಗದು. ಕಂಬಿಯ ಸಂದಿಯಿಂದ ಸೊಂಡಿಲು ಮಾತ್ರ ಹೊರಗೆ ಬಂದು ಮರಿಯ ತಲೆ ತಡವಿ, ಮೆಲ್ಲಗೆ ಎತ್ತಿಕೊಂಡು ತೂಗತೊಡಗುತ್ತದೆ.

ನನ್ನ ಭಾಷಣ ನಿಂತದ್ದಕ್ಕೆ ಮಗಳು ತಿರುಗಿ ನೋಡಿದಳು.

"ಅಪ್ಪಾ, ಅಳ್ತಿದೀಯಾ?"

"ಇಲ್ಲಮ್ಮ," ಎಂದೆ, ಮೂಗು ಒರೆಸಿಕೊಂಡು. "ಮುಷ್ಕರ ನೆನಪಾಯ್ತು."