ಪತ್ತನಾಜೆಗೆ ಮುನ್ನ ಪಿಟ್ಟು

ಕಟಪಾಡಿಯಲ್ಲಿ ಚಳಿಗಾಲಕ್ಕೆಂದು ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ಉಷ್ಣಾಂಶ 20 ಡಿಗ್ರಿಯ ಹತ್ತಿರ ಬಂದರೆ ಬಯಲಾಟಕ್ಕೆ ಹೋದವರು ಕಿವಿಗೊಂದು ಮಫ್ಲರ್ ಸುತ್ತಿಕೊಳ್ಳುತ್ತಾರೆ, ಮನೆಯಲ್ಲಿ ಮಟ್ಟುಗುಳ್ಳದ ಹುಳಿ ಕುದಿಯುತ್ತದೆ, ಅಲ್ಲಿಗೆ ಚಳಿ ಮುಗಿಯಿತು. ಹಾಗಾಗಿ ಅಮೆರಿಕದ ಮಿನ್ನೆಸೋಟದಲ್ಲಿರುವ ಅಕ್ಕನ ಮಗ ಫೋನಿನಲ್ಲಿ, ‘ಚಳಿಗಾಲ ಬಂತಲ್ಲ, ಪಿಟ್ಟಿಗೆ ಹುಲ್ಲು ಹೊದೆಸ್ತಾ ಇದ್ದೇನೆ’ ಎಂದಾಗ ಮನೆಯವರೆಲ್ಲ ಸ್ಪೀಕರ್ ಸುತ್ತ ಸೇರಿದರು.

ಅವನದು ತಮಾಷೆಯಲ್ಲ. ಅಲ್ಲಿ ಮಣ್ಣು ಅಡಿಗಟ್ಟಲೆ ಆಳಕ್ಕೆ ಹೆಪ್ಪುಗಟ್ಟುತ್ತದೆ. ಸೆಪ್ಟಿಕ್ ಟ್ಯಾಂಕಿನ ಮೇಲಿನ ಹುಲ್ಲನ್ನು ಬೇಸಿಗೆಯ ಕೊನೆಗೆ ಕತ್ತರಿಸದೆ ಬಿಡಬೇಕು, ಒಣಹುಲ್ಲೋ ತರಗೆಲೆಯೋ ಒಂದಡಿ ದಪ್ಪ ಹರಡಬೇಕು. ಹಿಮ ಬಿದ್ದರೆ ಗುಡಿಸಬಾರದು, ಅದೂ ಬೆಚ್ಚಗಿಡುತ್ತದೆ. ಅದರ ಮೇಲೆ ಗಾಡಿ ಓಡಿಸಬಾರದು, ಹಿಮ ಒತ್ತಿಹೋದರೆ ಚಳಿ ಕೆಳಗಿಳಿಯುತ್ತದೆ. ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದರೂ ಸಾಕು, ಆ ಹನಿಗಳೇ ಪೈಪಿನಲ್ಲಿ ಗಡ್ಡೆಕಟ್ಟಿ ದಾರಿ ಮುಚ್ಚುತ್ತವೆ. ಇಷ್ಟೆಲ್ಲ ಕೇಳಿದ ದೊಡ್ಡಮ್ಮ ಕೊನೆಗೆ, ‘ನಿನ್ನ ಅಜ್ಜನಿಗೇ ಸರಿಯಾದ ಕಂಬಳಿ ಇರಲಿಲ್ಲ ಮಗಾ, ಅಲ್ಲಿ ಕಕ್ಕಸು ಗುಂಡಿಗೆ ಹಾಸಿಗೆಯಾ!’ ಎಂದು ನಿಟ್ಟುಸಿರುಬಿಟ್ಟರು.

ನಾವು ಹೆದರುವುದು ಮಳೆಗೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಅಷ್ಟರೊಳಗೆ ಹಪ್ಪಳ ಒಣಗಿರಬೇಕು, ಹಲಸಿನ ಸೊಳೆ ಉಪ್ಪಿಗೆ ಬಿದ್ದಿರಬೇಕು, ಸೌದೆ ಒಳಗೆ ಸೇರಿರಬೇಕು, ಒಣಮೀನಿನ ಡಬ್ಬ ತುಂಬಿರಬೇಕು. ಯಾವ ಮನೆಗೆ ಹೋದರೂ ಈ ತಯಾರಿಯನ್ನು ತೋರಿಸಿ ಹೇಳಿಕೊಳ್ಳುವವರೇ. ಪಿಟ್ಟಿನ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಆದರೆ ಪಿಟ್ಟು ತುಂಬುವುದು ಮೇ ತಿಂಗಳಲ್ಲೇ. ಮುಂಬೈ ನೆಂಟರು ರಜೆಗೆಂದು ಇಳಿಯುತ್ತಾರೆ, ಮದುವೆ, ಗೃಹಪ್ರವೇಶ, ಮಾವಿನಹಣ್ಣು, ಹಲಸಿನಹಣ್ಣು. ನಾಲ್ಕು ಜನರಿಗೆಂದು ಇಳಿಸಿದ ಸಿಮೆಂಟ್ ರಿಂಗಿನ ಗುಂಡಿಗೆ ಹದಿನಾಲ್ಕು ಜನರ ಆತಿಥ್ಯ. ಹಲಸಿನಹಣ್ಣಿನ ಪಾತ್ರ ಇದರಲ್ಲಿ ಎಷ್ಟೆಂಬುದನ್ನು ತಿಂದವರೇ ಊಹಿಸಲಿ.

ನಮ್ಮಲ್ಲಿ ಮೊದಲ ಕಷ್ಟ ಮುಚ್ಚಳವನ್ನು ಹುಡುಕುವುದು. ಮನೆ ಚಂದ ಕಾಣಲೆಂದು ಅಂಗಳಕ್ಕೆ ಇಂಟರ್‌ಲಾಕ್ ಹಾಸಿದಾಗ ಅದೂ ಅಡಿಗೆ ಹೋಗಿತ್ತು. ಕಟ್ಟಿದ ಮೇಸ್ತ್ರಿ ಈಗ ದುಬೈಯಲ್ಲಿದ್ದಾನೆ. ‘ಕರಿಬೇವಿನ ಗಿಡದಿಂದ ಎರಡು ಹೆಜ್ಜೆ’ ಎಂದರು ಅಪ್ಪ. ‘ಅಲ್ಲ, ಮಲ್ಲಿಗೆ ಬುಡದ ಹತ್ತಿರ’ ಎಂದರು ದೊಡ್ಡಮ್ಮ. ಶಂಕರಪುರದಿಂದ ತಂದು ನೆಟ್ಟ ಮಲ್ಲಿಗೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಕೊನೆಗೆ ದಾರಿ ತೋರಿಸಿದ್ದು ಮೂಲೆಯ ತೆಂಗಿನ ಮರ. ಇಡೀ ಹಿತ್ತಲಿನಲ್ಲಿ ಅದೊಂದೇ ವರ್ಷಪೂರ್ತಿ ಗೊನೆ ಗೊನೆ ಹಿಡಿಯುತ್ತಿತ್ತು. ಬಂದ ನೆಂಟರು ಅದರ ಎಳನೀರು ಕುಡಿದು, ‘ಎಂತ ಗೊಬ್ಬರ ಹಾಕ್ತೀರಿ?’ ಎಂದು ಕೇಳುತ್ತಿದ್ದರು. ಅದರ ಬುಡದ ಪಕ್ಕ ಇಂಟರ್‌ಲಾಕ್ ಎಬ್ಬಿಸಿದರೆ ಚಪ್ಪಡಿ ಅಲ್ಲೇ ಇತ್ತು.

ಪಿಟ್ಟು ಖಾಲಿ ಮಾಡುವ ಗಾಡಿ ಬರುವ ತನಕ ಸ್ವಲ್ಪ ಪುರಾಣ. ಫ್ರಾನ್ಸಿನಲ್ಲಿ ಲೂಯಿ ಮೂರಾಸ್ ಎಂಬವನು 1860ರ ಸುಮಾರಿಗೆ ಮನೆಯ ಕೊಳಕು ಹೋಗಿ ಸೇರುವಂತೆ ಒಂದು ಮುಚ್ಚಿದ ತೊಟ್ಟಿ ಕಟ್ಟಿಸಿದ. ಹನ್ನೆರಡು ವರ್ಷ ಕಳೆದು ತೆರೆಸಿದರೆ ತುಂಬಿ ತುಳುಕುತ್ತಿರಬೇಕಾದದ್ದು ಹೆಚ್ಚುಕಡಿಮೆ ನೀರಾಗಿಯೇ ಇತ್ತು. 1881ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಕೆಲಸ ಮಾಡಿದ್ದು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು, ಹೆಸರು ಮೂರಾಸ್‌ಗೆ. ಆ ಸೂಕ್ಷ್ಮಾಣುಗಳು ನಮ್ಮ ಹೊಟ್ಟೆಯಿಂದಲೇ ಗುಂಡಿಗೆ ಇಳಿಯುತ್ತವೆ. ಸೆಗಣಿ ನೀರು ಹೊಯ್ಯಿ, ಬೆಲ್ಲ ಹಾಕು ಎನ್ನುವವರ ಉಪಕಾರ ಅವಕ್ಕೆ ಬೇಕಿಲ್ಲ. ಹೊಳೆಯುವ ಕಕ್ಕಸಿನ ಆಸೆಗೆ ಬಾಟಲಿಗಟ್ಟಲೆ ಆಸಿಡ್ ಸುರಿಯದಿದ್ದರೆ ಸಾಕು. ಅಷ್ಟಾದರೂ ತಳದಲ್ಲಿ ಕೆಸರು ಉಳಿಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು.

ಸಕ್ಕಿಂಗ್ ಗಾಡಿ ಗೇಟಿನ ಮುಂದೆ ನಿಂತದ್ದೇ ತಡ, ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಎದುರಿನವರು ಮಾತ್ರ ಅನಿವಾರ್ಯವಾಗಿ ಗೇಟಿನಲ್ಲೇ ಸಿಕ್ಕಿಬಿದ್ದು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ, ‘ಎಂತ, ಮನೆಯಲ್ಲಿ ಏನಾದ್ರೂ ವಿಶೇಷವಾ?’ ಎಂದರು.

ಅಪ್ಪ ಬಗ್ಗಿ ನೋಡಲು ಹೊರಟರು. ಚಾಲಕ ಗದರಿಸಿದ: ‘ಮುಖ ಹಾಕ್ಬೇಡಿ, ಬೀಡಿ ಹಚ್ಚಬೇಡಿ.’ ಅವನ ಮಾತು ಸರಿ. ಒಳಗಿರುವ ಮೀಥೇನ್ ಹೊತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಉಸಿರು ನಿಲ್ಲಿಸುತ್ತದೆ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂಥ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ಅಪರಾಧವೆಂದೇ ಹೇಳಿದೆ. ನಾಲ್ಕು ಕಾಸು ಉಳಿಸಲು ಇನ್ನೂ ‘ಒಬ್ಬ ಜನ ಸಿಗ್ತಾನಾ’ ಎಂದು ವಿಚಾರಿಸುವವರಿದ್ದಾರೆ. ಈ ಒಂದು ಮಾತಿಗೆ ನನಗೆ ನಗು ಬರುವುದಿಲ್ಲ.

ಪೈಪು ಎಳೆಯುತ್ತಿದ್ದಾಗ ಚಾಲಕ ಪಾಠ ಮುಂದುವರಿಸಿದ. ಕರಾವಳಿಯಲ್ಲಿ ಜುಲೈಗೆ ಬಾವಿ ನೀರು ಕೈಗೆಟಕುವಷ್ಟು ಮೇಲೇರುತ್ತದೆ. ಬಾವಿಗೆ ಏರಿದ ನೀರು ಪಿಟ್ಟಿಗೆ ಏರದೆ ಇರುತ್ತದೆಯೇ? ಇಂಗಬೇಕಾದದ್ದು ಇಂಗುವುದಿಲ್ಲ, ಕಮೋಡಿನಲ್ಲಿ ಗುಳುಗುಳು ಎನ್ನುತ್ತದೆ. ಫೈಬರ್ ಟ್ಯಾಂಕನ್ನು ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಿದರೆ ಅದು ದೋಣಿಯ ಹಾಗೆ ಮೇಲೆದ್ದೀತು. ಮಾಡಿನ ನೀರು ಪಿಟ್ಟಿನ ಕಡೆ ಹರಿಯದಂತೆ ಕಣಿ ತೋಡಬೇಕು, ಚಪ್ಪಡಿಯ ಸಂದಿಗೆ ಸಿಮೆಂಟ್ ಮೆತ್ತಬೇಕು, ಗಾಳಿಕೊಳವೆಯ ಬಾಯಿಗೆ ಸೊಳ್ಳೆಬಲೆ ಕಟ್ಟಬೇಕು. ಪಿಟ್ಟಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು. ಐದು ಸೆಂಟ್ಸ್ ಜಾಗದಲ್ಲಿ ಆ ಅಂತರ ಅಳೆಯಲು ಹೊರಟರೆ ಟೇಪಿನ ತುದಿ ಪಕ್ಕದವರ ಅಡುಗೆಮನೆಯಲ್ಲಿರುತ್ತದೆ. ಅವರ ಪಿಟ್ಟಿನಿಂದ ಅಳೆದರೆ ನಮ್ಮ ಬಾವಿಯಲ್ಲಿ. ಮುರಕಲ್ಲಿನ ಸೀಳುಗಳಿಗೆ ಕಂಪೌಂಡ್ ಗೋಡೆ ಕಾಣಿಸುವುದೂ ಇಲ್ಲ. ಅದಕ್ಕೇ ಮಳೆಗಾಲದ ಚಹಾಕ್ಕೆ ನಮ್ಮಲ್ಲಿ ನೀರು ಮೊದಲೊಮ್ಮೆ ಚೆನ್ನಾಗಿ ಕುದಿಯುತ್ತದೆ, ಸೊಪ್ಪು ಸಕ್ಕರೆ ಆಮೇಲೆ.

ಪೈಪು ಸುತ್ತುವ ಹೊತ್ತಿಗೆ ಕಿಟಕಿಗಳು ತೆರೆದಿದ್ದವು. ಎದುರಿನವರು ಕರವಸ್ತ್ರ ಜೇಬಿಗಿಟ್ಟು ಚಾಲಕನ ಬಳಿ ಬಂದು, ನಮ್ಮ ಕಡೆ ನೋಡದೆ, ‘ನಿಮ್ಮ ನಂಬರ್ ಒಂದು ಕೊಡಿ, ನನಗಲ್ಲ, ಮಲ್ಪೆಯಲ್ಲಿ ನಮ್ಮವರೊಬ್ಬರಿಗೆ ಬೇಕಂತೆ’ ಎಂದರು.

‘ಮಲ್ಪೆಯವರಿಗೆ ಈ ವಾರವೇ ಫೋನ್ ಮಾಡ್ಲಿಕ್ಕೆ ಹೇಳಿ’ ಎಂದ ಅವನು, ಅವರ ಅಂಗಳದ ಚಪ್ಪಡಿಯನ್ನು ಗೇಟಿನಿಂದಲೇ ಅಳೆಯುತ್ತಾ. ‘ಮಳೆ ಹಿಡಿದ ಮೇಲೆ ಕರೆದ್ರೆ ನಾನು ಎಳೆಯೋದು ಬರೀ ಬಾವಿ ನೀರು ಮಾರಾಯ್ರೆ. ಬಾಡಿಗೆ ಅಷ್ಟೇ ಆಗ್ತದೆ.’